ಪರದೆಯ ಮೇಲೆ ಕಂಡದ್ದೆಲ್ಲ ಸ್ಯಾಂಪಲ್ ಅಲ್ಲ

ಬೆಳಿಗ್ಗೆ ಒಂಬತ್ತಕ್ಕೇ ನಮ್ಮ ಲ್ಯಾಬಿನ ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಅವರು ಪರ ಊರಿನವರು ಅಂತಲೇ ಲೆಕ್ಕ. ರಾತ್ರಿ ಬಸ್ಸು ಹತ್ತಿ, ಬಸ್‌ಸ್ಟ್ಯಾಂಡಿನಲ್ಲಿ ಮುಖ ತೊಳೆದು, ಬ್ಯಾಗಿನೊಳಗೆ ಊಟದ ಡಬ್ಬಿಯ ಪಕ್ಕದಲ್ಲೇ ಸ್ಯಾಂಪಲ್ ಇಟ್ಟುಕೊಂಡು ಬಂದಿರುತ್ತಾರೆ. ಪಕ್ಕದ ಕಟ್ಟಡದ ಸ್ಕಾಲರುಗಳು ಮಾತ್ರ ಹತ್ತೂವರೆಯ ಸ್ಲಾಟಿಗೆ ಹನ್ನೊಂದಕ್ಕೆ ಬಂದು, "ಶುರು ಮಾಡೋಣ್ವಾ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ.

ವಿಶ್ವವಿದ್ಯಾಲಯವೊಂದರ ಉಪಕರಣ ಕೇಂದ್ರದಲ್ಲಿ ನಾನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುತ್ತೇನೆ. ಇಷ್ಟುದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು 'ಸೆಮ್'. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಅಂತ ಆರು ತಿಂಗಳ ಗುತ್ತಿಗೆಗೆ ಸೇರಿದವಳು. ಹನ್ನೊಂದು ವರ್ಷ ಆಯಿತು. ಮೊದಲು ಟಂಗ್‌ಸ್ಟನ್ ಫಿಲಮೆಂಟಿನ ಹಳೇ ಯಂತ್ರ ಒಂದೇ ಇತ್ತು. ಆಮೇಲೆ ಒಂದು ಪ್ರಾಜೆಕ್ಟಿನ ಹಣದಲ್ಲಿ, ಇನ್ನೂ ಸಣ್ಣದನ್ನು ತೋರಿಸುವ ಫೀಲ್ಡ್ ಎಮಿಷನ್ ಯಂತ್ರ ಬಂತು. ಈಗ ಎರಡೂ ನನ್ನ ತಲೆಗೇ.

ಮೊದಲ ಸಲ ಬಂದವರು ಕಣ್ಣಿಡುವ ಕೊಳವೆ ಎಲ್ಲಿದೆ ಅಂತ ಹುಡುಕುತ್ತಾರೆ. ಕೊಳವೆ ಇಲ್ಲ. ರೈತ ಹೊಲವನ್ನು ಸಾಲು ಹಿಡಿದು ಉತ್ತ ಹಾಗೆ, ಎಲೆಕ್ಟ್ರಾನುಗಳ ಒಂದು ಸಣ್ಣ ಮೊನೆ ಸ್ಯಾಂಪಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ, ಮತ್ತೆ ಕೆಳಗಿನ ಸಾಲಿಗೆ ಹೋಗುತ್ತಿರುತ್ತದೆ. ಪ್ರತಿ ಜಾಗದಿಂದ ಎಷ್ಟು ಎಲೆಕ್ಟ್ರಾನು ಎದ್ದು ಬಂದವು ಅಂತ ಡಿಟೆಕ್ಟರು ಎಣಿಸುತ್ತದೆ. ಹೆಚ್ಚು ಬಂದರೆ ಪರದೆಯ ಆ ಚುಕ್ಕೆ ಬೆಳ್ಳಗೆ, ಕಡಿಮೆ ಬಂದರೆ ಕಪ್ಪಗೆ. ನಾವು ಫೋಟೋ ಅನ್ನುವುದು ನಿಜವಾಗಿ ಚುಕ್ಕೆ ಚುಕ್ಕೆಯಾಗಿ ಬರೆದ ಲೆಕ್ಕದ ಪುಸ್ತಕ. ಲೆಕ್ಕ ಅಂದಮೇಲೆ ಅದರಲ್ಲಿ ಯಾರ್ಯಾರ ಬಾಬ್ತು ಸೇರಿದೆ ಅಂತ ನೋಡಬೇಕಾಗುತ್ತದೆ. ಈ ಮಾತು ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು. ಅರ್ಥ ಮಾಡಿಸಿದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನು ಮುಂದೆ ಹೇಳುತ್ತೇನೆ.

ನನಗೆ ಕಲಿಸಿದ ಹಿರಿಯ ತಂತ್ರಜ್ಞರು ಮೊದಲ ಮೂರು ತಿಂಗಳು ಕೀಬೋರ್ಡ್ ಮುಟ್ಟಲು ಬಿಡಲಿಲ್ಲ. ಸ್ಟಬ್ ತೊಳೆಯುವುದೇ ಕೆಲಸ. ಸ್ಟಬ್ ಅಂದರೆ ಸ್ಯಾಂಪಲ್ ಅಂಟಿಸುವ ಅಲ್ಯೂಮಿನಿಯಂ ಬಿಲ್ಲೆ, ಅಡಿಯಲ್ಲಿ ಒಂದು ಕಡ್ಡಿ ಇರುತ್ತದೆ, ಹನ್ನೆರಡೂವರೆ ಮಿಲಿಮೀಟರ್ ಅಗಲ. ಅಸಿಟೋನಿನಲ್ಲಿ ಹಳೇ ಟೇಪು ಬಿಡಿಸಿ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಹಾಕಿ, ಒಣಗಿಸಿ, ಗ್ಲೌಸು ಹಾಕಿಕೊಂಡೇ ಡಬ್ಬಿಗೆ ತುಂಬಬೇಕು. ಬರಿಗೈಯಲ್ಲಿ ಒಂದು ಸಲ ಎತ್ತಿದ್ದಕ್ಕೆ ಅವರು ಬೈಯಲಿಲ್ಲ. ಆ ಸ್ಟಬ್ಬನ್ನೇ ಯಂತ್ರದೊಳಗೆ ಇಟ್ಟು, ಒಂದು ಜಾಗವನ್ನು ಐದು ನಿಮಿಷ ಹೆಚ್ಚು ಮ್ಯಾಗ್ನಿಫಿಕೇಶನ್ನಿನಲ್ಲಿ ಬಿಟ್ಟು, ಆಮೇಲೆ ಹಿಂದೆ ಸರಿದು ತೋರಿಸಿದರು. ಬೆಳ್ಳಗಿನ ಲೋಹದ ಮೇಲೆ ಮಚ್ಚೆಯ ಹಾಗೆ ಒಂದು ಕಪ್ಪು ಚೌಕ. "ಇದು ನಿನ್ನ ಬೆರಳಿನ ಎಣ್ಣೆ ಕಣಮ್ಮಾ," ಅಂದರು. ಜಿಡ್ಡಿನ ಅಣುಗಳು ಮೇಲ್ಮೈಯಲ್ಲಿ ಹರಿದಾಡುತ್ತಾ ಬಂದು, ಎಲೆಕ್ಟ್ರಾನು ಬಿದ್ದ ಜಾಗದಲ್ಲಿ ಒಡೆದು ಇಂಗಾಲವಾಗಿ ಕೂರುತ್ತವೆ. ಅವತ್ತಿನಿಂದ ನನ್ನ ಮುಂದೆ ಯಾರಾದರೂ ಗ್ಲೌಸಿಲ್ಲದೆ ಹೋಲ್ಡರ್ ಮುಟ್ಟಿದರೆ ನನಗೆ ಆ ಚೌಕವೇ ಕಣ್ಣಿಗೆ ಕಟ್ಟುತ್ತದೆ.

ಪುಡಿ ತಂದವರ ಜೊತೆ ದಿನಾ ಜಗಳ. ವಿದ್ಯುತ್ ಹರಿಯುವ ಕಾರ್ಬನ್ ಟೇಪಿನ ಮೇಲೆ ಪುಡಿಯನ್ನು ವಿಭೂತಿ ಹಚ್ಚಿದ ಹಾಗೆ ತೆಳ್ಳಗೆ ಸವರಬೇಕು. ಅವರು ಎಲೆಯ ಮೇಲೆ ಚಟ್ನಿಪುಡಿ ಬಡಿಸಿದ ಹಾಗೆ ಗುಡ್ಡೆ ಹಾಕುತ್ತಾರೆ. ಗುಡ್ಡೆಯ ಮೇಲಿನ ಕಣಕ್ಕೂ ಟೇಪಿಗೂ ಸಂಬಂಧವೇ ಇರುವುದಿಲ್ಲ. ಎಲೆಕ್ಟ್ರಾನು ಬಿದ್ದರೆ ಹರಿದು ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತವೆ, ಕಣ ಹೊಳೆಯುತ್ತದೆ, ಚಿತ್ರದಲ್ಲಿ ಬಿಳಿ ಪಟ್ಟೆ ಏಳುತ್ತದೆ, ಒಮ್ಮೊಮ್ಮೆ ಕಣವೇ ಹಾರಿ ಹೋಗುತ್ತದೆ. ಇದಕ್ಕೆ ಚಾರ್ಜಿಂಗ್ ಅನ್ನುತ್ತೇವೆ. ಹಾರಿದ ಕಣ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ನನ್ನ ತಲೆನೋವು, ಅವರದಲ್ಲ. ಆದ್ದರಿಂದ ಅಂಟಿಸಿದ ಮೇಲೆ ಸ್ಟಬ್ಬನ್ನು ಮಗುಚಿ ಮೇಜಿಗೆ ಎರಡು ಸಲ ತಟ್ಟಿ, ರಬ್ಬರ್ ಬುರುಡೆಯಿಂದ ಗಾಳಿ ಊದಿ, ಉದುರುವುದೆಲ್ಲ ಉದುರಿದ ಮೇಲೆಯೇ ನಾನು ಒಳಗೆ ಬಿಡುವುದು. "ಅಯ್ಯೋ, ಎಲ್ಲಾ ಹೋಯ್ತು ಮೇಡಂ!" ಅನ್ನುತ್ತಾರೆ. ಹತ್ತು ಸಾವಿರ ಪಟ್ಟು ಹಿಗ್ಗಿಸಿದಾಗ ಒಂದು ಚಿಟಿಕೆಯ ನೂರರಲ್ಲೊಂದು ಪಾಲೂ ಒಂದು ಜಿಲ್ಲೆಯಷ್ಟಾಗುತ್ತದೆ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಆಯಸ್ಕಾಂತ ಇದೆ. ನಮ್ಮ ಕಡೆ ಫೆರೈಟ್ ಪುಡಿಯ ಮೇಲೆ ಪಿಎಚ್‌ಡಿ ಮಾಡುವವರು ಬಹಳ. ಫಾರ್ಮಿನಲ್ಲಿ 'ಆಯಸ್ಕಾಂತೀಯ ಗುಣ ಇದೆಯೇ' ಎಂಬ ಪ್ರಶ್ನೆಗೆ ಅರ್ಧ ಜನ ಉತ್ತರ ಬರೆಯುವುದಿಲ್ಲ. ನಾನು ಆಚೆ ಕೋಣೆಗೆ ಒಯ್ದು, ಡಬ್ಬಿಯ ಹೊರಗಿನಿಂದ ಆಯಸ್ಕಾಂತ ಹಿಡಿಯುತ್ತೇನೆ. ಪುಡಿ ಎದ್ದು ನಿಂತರೆ ಉತ್ತರ ಸಿಕ್ಕಿತು. ಯಂತ್ರದ ಕೊನೆಯ ಲೆನ್ಸು ಸ್ವತಃ ವಿದ್ಯುತ್ ಆಯಸ್ಕಾಂತ. ಸಡಿಲ ಪುಡಿ ಅದರತ್ತ ಜಿಗಿದರೆ ಬಿಡಿಸುವವರು ಯಾರು? ಅಂಥವರಿಗೆ ಬಿಲ್ಲೆಯಾಗಿ ಒತ್ತಿಸಿ ಅಥವಾ ಬೆಳ್ಳಿಯ ಪೇಸ್ಟಿನಲ್ಲಿ ಗಟ್ಟಿಯಾಗಿ ಕೂರಿಸಿಕೊಂಡು ಬರಲು ಹೇಳುತ್ತೇನೆ. ಲೆನ್ಸಿನಿಂದಲೂ ದೂರವೇ ಇಡುತ್ತೇನೆ.

ಇನ್ನು ಮಳೆಗಾಲ. ಚೇಂಬರಿನೊಳಗೆ ಬೇಕಾದ ನಿರ್ವಾತ ಹೊರಗಿನ ಗಾಳಿಯ ಒತ್ತಡದ ಹತ್ತು ಕೋಟಿ ಪಾಲಿನಲ್ಲಿ ಒಂದೆರಡು ಪಾಲು. ಬೇಸಿಗೆಯಲ್ಲಿ ಹಳೇ ಯಂತ್ರ ಇಪ್ಪತ್ತು ನಿಮಿಷಕ್ಕೆ ಅಲ್ಲಿಗೆ ಇಳಿಯುತ್ತಿತ್ತು. ಆಷಾಢದಲ್ಲಿ ಮುಕ್ಕಾಲು ಗಂಟೆಯಾದರೂ ಮುಳ್ಳು ಅಲುಗಾಡುತ್ತಾ ನಿಂತಿರುತ್ತಿತ್ತು. ಬಾಗಿಲು ತೆಗೆದ ಅಷ್ಟು ಹೊತ್ತಿನಲ್ಲೇ ಒಳಗೋಡೆಗೆ ನೀರಾವಿ ಹತ್ತುತ್ತದೆ. ಈಗ ಒಣ ನೈಟ್ರೋಜನ್ ಬಿಟ್ಟೇ ಬಾಗಿಲು ತೆಗೆಯುವುದು, ತೆಗೆದರೆ ಎರಡು ನಿಮಿಷದಲ್ಲಿ ಮುಚ್ಚುವುದು. ಸ್ಯಾಂಪಲ್ಲುಗಳು ಹಿಂದಿನ ರಾತ್ರಿಯೇ ಡೆಸಿಕೇಟರಿನಲ್ಲಿ, ಅಂದರೆ ತೇವ ಹೀರುವ ಗಾಜಿನ ಡಬ್ಬಿಯಲ್ಲಿರಬೇಕು. ಅದರೊಳಗಿನ ಸಿಲಿಕಾ ಜೆಲ್ ಒಣಗಿ ನೀಲಿ ಇದೆಯೋ, ತೇವ ಹೀರಿ ಗುಲಾಬಿಗೆ ತಿರುಗಿದೆಯೋ ನೋಡುವುದು ನನಗೆ ಹಾಲು ಒಡೆದಿದೆಯೋ ಅಂತ ನೋಡಿದಷ್ಟೇ ಅಭ್ಯಾಸ.

ವಿದ್ಯುತ್ ಹರಿಯದ ಸ್ಯಾಂಪಲ್ಲಿಗೆ ಚಿನ್ನದ ಲೇಪ ಕೊಡಬೇಕು. ಒಂದು ಪುಟ್ಟ ಗಾಜಿನ ಗೂಡು, ಮೇಲೆ ಚಿನ್ನದ ತೆಳು ತಗಡು, ಒಳಗೆ ಸ್ವಲ್ಪವೇ ಆರ್ಗಾನ್ ಅನಿಲ. ಸ್ವಿಚ್ ಹಾಕಿದರೆ ನೇರಳೆ ಬೆಳಕು ತುಂಬಿಕೊಳ್ಳುತ್ತದೆ. ಆರ್ಗಾನ್ ಅಯಾನುಗಳು ತಗಡಿಗೆ ಬಡಿದು ಚಿನ್ನದ ಪರಮಾಣುಗಳನ್ನು ಕೆಳಗೆ ಉದುರಿಸುತ್ತವೆ. "ನಿಜವಾದ ಚಿನ್ನವಾ ಮೇಡಂ?" ಅಂತ ಕೇಳದವರು ಇಲ್ಲ. ನಿಜವಾದ್ದೇ. ಆದರೆ ಹತ್ತು ನ್ಯಾನೋಮೀಟರ್ ದಪ್ಪಕ್ಕೆ ಒಂದು ಸ್ಟಬ್ಬಿನ ಮೇಲೆ ಕೂರುವುದು ಮಿಲಿಗ್ರಾಮಿನ ನಲವತ್ತರಲ್ಲೊಂದು ಪಾಲು. ಮೂಗುಬೊಟ್ಟಿಗೂ ಬರುವುದಿಲ್ಲ.

ನನ್ನ ತಪ್ಪು ನಡೆದದ್ದು ಈ ಚಿನ್ನದಲ್ಲೇ.

ಹೊಸ ಯಂತ್ರ ಬಂದ ವರ್ಷ. ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೋಕಣ ತಯಾರಿಸಿದ ಒಬ್ಬ ಸ್ಕಾಲರ್ ಬಂದಿದ್ದ. ದ್ರಾವಣದ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಒಣಗಿಸಿ ತಂದಿದ್ದ. ಗಾಜು ಅಂದಮೇಲೆ ಚಾರ್ಜಿಂಗ್ ಆಗಬಾರದು ಅಂತ ನಾನು ಧಾರಾಳವಾಗಿ ಚಿನ್ನ ಹಾಕಿದೆ. ಒಂದು ಲಕ್ಷ ಪಟ್ಟಿನಲ್ಲಿ ನೋಡಿದರೆ ರಾಗಿ ಹರವಿದ ಹಾಗೆ ಒಂದೇ ಸಮನೆ, ಹದಿನೈದು ಇಪ್ಪತ್ತು ನ್ಯಾನೋಮೀಟರಿನ ದುಂಡು ಕಣಗಳು. ಹೊಸ ಯಂತ್ರದ ಶಕ್ತಿ ನೋಡಿ ನನಗೂ ಹೆಮ್ಮೆ. ಅವನು ಆ ಕಣಗಳ ಗಾತ್ರ ಅಳೆದು, ಪಟ್ಟಿ ಮಾಡಿ, ಗೈಡಿಗೆ ಕಳಿಸಿ, ನನಗೆ ಪೇಡಾ ತಂದುಕೊಟ್ಟ.

ಎರಡು ವಾರದ ನಂತರ ಇನ್ಯಾರದೋ ಪಾಲಿಮರ್ ಸ್ಯಾಂಪಲ್ ನೋಡುತ್ತಿದ್ದೆ. ಅಂಚಿನಲ್ಲಿ ಬರೀ ಟೇಪು ಕಾಣುವ ಜಾಗಕ್ಕೆ ಹೋದಾಗ ಅದೇ ರಾಗಿ. ಪಾಲಿಮರಿನ ಮೇಲೂ ಅದೇ. ಬೆಳ್ಳಿಯ ಸುಳಿವೇ ಇಲ್ಲದ ಕಡೆ ಅದೇ ಗಾತ್ರ, ಅದೇ ದುಂಡು. ಹೊಟ್ಟೆಯೊಳಗೆ ಕಲಸಿದಂತಾಯಿತು. ಚಿನ್ನ ಹಾಳೆಯ ಹಾಗೆ ಸಪಾಟಾಗಿ ಕೂರುವುದಿಲ್ಲ. ಮೊದಲು ಅಲ್ಲಲ್ಲಿ ದ್ವೀಪಗಳಾಗಿ ಕೂತು, ಆ ದ್ವೀಪಗಳು ಬೆಳೆದು, ಒಂದಕ್ಕೊಂದು ತಾಗಿ ಪದರವಾಗುತ್ತದೆ. ಹಳೇ ಯಂತ್ರದಲ್ಲಿ ಅಷ್ಟು ಸಣ್ಣದು ಕಾಣುತ್ತಲೇ ಇರಲಿಲ್ಲ, ಹಾಗಾಗಿ ನಾನು ಆ ಬಗ್ಗೆ ಯೋಚಿಸಿಯೂ ಇರಲಿಲ್ಲ. ಅವನು ಅಳೆದು ಪಟ್ಟಿ ಮಾಡಿದ್ದು ನಾನು ಹಾಕಿದ ಚಿನ್ನವನ್ನು.

ಫೋನ್ ಮಾಡಲು ಎರಡು ದಿನ ಹಿಡಿಯಿತು ಅಂತ ಒಪ್ಪಿಕೊಳ್ಳುತ್ತೇನೆ. ಪೇಡಾ ತಿಂದಾಗಿತ್ತು. ಅವನು ಮೊದಲು ಸುಮ್ಮನಿದ್ದ, ಆಮೇಲೆ "ಗೈಡಿಗೆ ಏನಂತ ಹೇಳಲಿ ಮೇಡಂ?" ಅಂದ. ಮತ್ತೆ ಬರಲು ಹೇಳಿದೆ, ಶುಲ್ಕ ಬೇಡ ಅಂದೆ. ಈ ಸಲ ಹನಿಯನ್ನು ಸಿಲಿಕಾನ್ ವೇಫರಿನ ಚೂರಿನ ಮೇಲೆ ಹಾಕಿಸಿದೆ. ಸಿಲಿಕಾನಿನಲ್ಲಿ ಬೇಕಾದಷ್ಟು ವಿದ್ಯುತ್ ಹರಿಯುತ್ತದೆ, ಲೇಪ ಬೇಡವೇ ಬೇಡ. ಬೆಳ್ಳಿ ಸಿಕ್ಕಿತು. ಆದರೆ ಐವತ್ತರಿಂದ ನೂರು ನ್ಯಾನೋಮೀಟರ್, ಅಂಕುಡೊಂಕು, ಅಲ್ಲಲ್ಲಿ ಗುಂಪು ಕಟ್ಟಿಕೊಂಡು, ಸುತ್ತಲೂ ಕಷಾಯದ ಅಂಟು. ಸುಂದರವಾಗಿರಲಿಲ್ಲ. ಅವನ ಪ್ರಬಂಧದಲ್ಲಿ ಇರುವುದು ಅದೇ ಚಿತ್ರ.

ಆಗಿನಿಂದ ನಾನು ಯಾವ ಸ್ಯಾಂಪಲ್ ನೋಡಿದರೂ ಮೊದಲು ಏನೂ ಇಲ್ಲದ ಜಾಗ ನೋಡುತ್ತೇನೆ. ಬರೀ ಟೇಪು, ಬರೀ ಗಾಜು. ಅಲ್ಲಿ ಕಂಡದ್ದು ಇಲ್ಲೂ ಕಂಡರೆ ಅದು ಸ್ಯಾಂಪಲ್ಲಿನದಲ್ಲ. ಹತ್ತು ಸಾವಿರ ಪಟ್ಟಿನ ಒಳಗೆ ನೋಡುವವರಿಗೆ ಚಿನ್ನ ಸಾಕು. ಅದಕ್ಕಿಂತ ಬಹಳ ಮೇಲೆ ಹೋಗುವವರಿಗೆ ಲೇಪವಿಲ್ಲದೆಯೇ ಆಗುತ್ತದೆಯೇ ಅಂತ ಮೊದಲು ನೋಡುತ್ತೇನೆ.

ಇನ್ನು ಯಂತ್ರದ ಮುಂದೆ ಕೂತು ಮಾಡುವ ಕೆಲಸ. ಹಳೇ ಯಂತ್ರದಲ್ಲಿ ಫಿಲಮೆಂಟ್ ಬದಲಾಯಿಸುವುದೇ ಒಂದು ವ್ರತ. ಎಲೆಕ್ಟ್ರಾನು ಹೊಮ್ಮುವುದು ಅದರಿಂದಲೇ. ಹೇರ್‌ಪಿನ್ನಿನಂತೆ ಬಾಗಿದ ಟಂಗ್‌ಸ್ಟನ್ ತಂತಿ ಸುಮಾರು 2400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ, ನೂರು ಗಂಟೆ ಬಾಳಿದರೆ ಪುಣ್ಯ. ನಾನು ಹಾಕಿದ ಮೊದಲ ಫಿಲಮೆಂಟ್ ಮೂರನೇ ದಿನ ಹೋಯಿತು. ಕಾರಣ ನನ್ನ ಆಸೆ. ತಂತಿಗೆ ಕೊಡುವ ಕರೆಂಟನ್ನು ಏರಿಸುತ್ತಾ ಹೋದರೆ ಒಂದು ಹಂತದ ಮೇಲೆ ಚಿತ್ರದ ಬೆಳಕು ಹೆಚ್ಚುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದರೆ ತಂತಿ ಸವೆಯುತ್ತದೆಯೇ ಹೊರತು ಬೆಳಕು ಬರುವುದಿಲ್ಲ. ನಾನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ತಿರುಗಿಸಿದ್ದೆ. ಹೊಸ ಯಂತ್ರದಲ್ಲಿ ಈ ರಗಳೆ ಇಲ್ಲ, ಎಲೆಕ್ಟ್ರಾನು ಹೊಮ್ಮಿಸುವ ಅದರ ಗನ್ ಹಗಲಿರುಳೂ ಉರಿಯುತ್ತಲೇ ಇರುತ್ತದೆ. ಅದರ ಬದಲು ಕರೆಂಟು ಹೋದರೆ ನನಗೆ ನಿದ್ದೆ ಹೋಗುತ್ತದೆ. ಭಾನುವಾರ ಮಧ್ಯರಾತ್ರಿ ಗುಡುಗಿದರೆ ಸೆಕ್ಯುರಿಟಿಯವರಿಗೆ ಫೋನ್ ಮಾಡಿ, ಯುಪಿಎಸ್ ಕೂಗುತ್ತಿದೆಯಾ ಅಂತ ಕೇಳುವವಳು ನಾನು.

ಫೋಕಸ್ ಮಾಡುವುದನ್ನು ಕಲಿಸುವಾಗ ನನ್ನ ಗುರುಗಳು ಹೇಳಿದ್ದು ಒಂದೇ ಮಾತು: "ಸ್ಯಾಂಪಲ್ ಬಿಡು, ಧೂಳು ಹುಡುಕು." ಒಂದು ದುಂಡನೆಯ ಧೂಳಿನ ಕಣವನ್ನು ನಡುವೆ ತಂದು, ಚಿತ್ರ ತೆಗೆಯಬೇಕಾದ ಮ್ಯಾಗ್ನಿಫಿಕೇಶನ್ನಿಗಿಂತ ಎರಡು ಮೂರು ಪಟ್ಟು ಹೆಚ್ಚು ಹಿಗ್ಗಿಸಬೇಕು. ಫೋಕಸನ್ನು ಆಚೆ ತಿರುಗಿಸಿದಾಗ ಕಣ ಒಂದು ದಿಕ್ಕಿಗೆ ಎಳೆದುಕೊಂಡು, ಈಚೆ ತಿರುಗಿಸಿದಾಗ ಅದಕ್ಕೆ ಅಡ್ಡಲಾಗಿ ಎಳೆದುಕೊಂಡರೆ ಎಲೆಕ್ಟ್ರಾನಿನ ಮೊನೆ ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ಹೋಗಿದೆ ಅಂತ ಅರ್ಥ. ಎರಡರ ನಡುವೆ, ಯಾವ ಕಡೆಗೂ ಎಳೆಯದೆ ಬರೀ ಮಸುಕಾಗಿರುವ ಜಾಗದಲ್ಲಿ ನಿಲ್ಲಿಸಿ, ಮೊನೆಯನ್ನು ದುಂಡಗೆ ಮಾಡುವ ಸ್ಟಿಗ್ಮೇಟರಿನ ಎಕ್ಸ್ ಗುಂಡಿ ತಿರುಗಿಸಿ ಆದಷ್ಟು ತಿಳಿಯಾಗಿಸು, ಆಮೇಲೆ ವೈ, ಮತ್ತೆ ಫೋಕಸ್. ಮತ್ತೆ ಎಕ್ಸ್. ವೀಣೆಗೆ ಶ್ರುತಿ ಮಾಡಿದ ಹಾಗೆ ಮೂರನ್ನೂ ಸುತ್ತಿ ಸುತ್ತಿ ಬರಬೇಕು. ಇದಕ್ಕೂ ಮುಂಚೆ 'ವಾಬಲ್' ಒತ್ತಿ ಅಪರ್ಚರ್, ಅಂದರೆ ಎಲೆಕ್ಟ್ರಾನುಗಳು ಹಾದುಬರುವ ಸಣ್ಣ ಕಿಂಡಿ, ಸರಿಯಿದೆಯೇ ಅಂತ ನೋಡಿರಬೇಕು. ಚಿತ್ರ ತೊಟ್ಟಿಲಿನ ಹಾಗೆ ಆಚೀಚೆ ತೂಗಿದರೆ ಅಪರ್ಚರ್ ಸರಿದಿದೆ. ಇದ್ದಲ್ಲೇ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗಿದರೆ ಸರಿ. ವಿದ್ಯಾರ್ಥಿಗಳು ಇಷ್ಟನ್ನೂ ಬಿಟ್ಟು ನೇರವಾಗಿ ಫೋಕಸ್ ಗುಂಡಿಯನ್ನೇ ಅರ್ಧ ಗಂಟೆ ತಿರುಗಿಸಿ, "ಯಂತ್ರ ಇವತ್ತು ಚೆನ್ನಾಗಿಲ್ಲ" ಅನ್ನುತ್ತಾರೆ.

ಒಮ್ಮೆ ಯಂತ್ರವೇ ಚೆನ್ನಾಗಿರಲಿಲ್ಲ ಅನ್ನುವುದೂ ನಿಜ. ನೆಟ್ಟಗಿರಬೇಕಾದ ಅಂಚುಗಳು ಗರಗಸದ ಹಲ್ಲಿನ ಹಾಗೆ ಅಲೆಯಲೆಯಾಗಿ ಬರತೊಡಗಿದವು. ನೆಲ ಅದುರುತ್ತಿದೆ ಅಂದರು ಒಬ್ಬರು, ಹೊಸ ಲಿಫ್ಟು ಅಂದರು ಇನ್ನೊಬ್ಬರು. ನಾನು ಸ್ಕ್ಯಾನಿನ ವೇಗವನ್ನು ಒಂದು ಸಾಲಿಗೆ ಒಂದು ಮಿಲಿಸೆಕೆಂಡ್ ಆಗುವಂತೆ ಇಟ್ಟು, ಒಂದು ಅಲೆಗೆ ಎಷ್ಟು ಸಾಲು ಅಂತ ಎಣಿಸಿದೆ. ಇಪ್ಪತ್ತು. ಇಪ್ಪತ್ತು ಮಿಲಿಸೆಕೆಂಡಿಗೊಂದು ಅಲೆ ಅಂದರೆ ಸೆಕೆಂಡಿಗೆ 50, ಅಂದರೆ ನಮ್ಮ ಮನೆ ಮನೆಯ ಕರೆಂಟು. ಹುಡುಕಿಕೊಂಡು ಹೋದರೆ, ಗೋಡೆಯಾಚೆಯ ಕೋಣೆಯಲ್ಲಿ ಯಾರೋ ಜಾಗ ಸಾಲದೆಂದು ದೊಡ್ಡ ಯುಪಿಎಸ್ಸನ್ನು ನಮ್ಮ ಗೋಡೆಗೇ ಆನಿಸಿ ಇಟ್ಟಿದ್ದರು. ಮೂರು ಮೀಟರ್ ಸರಿಸಿದರು, ಅಲೆ ಹೋಯಿತು. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ದಿನಗಳಲ್ಲಿ ಅದೂ ಒಂದು.

ಎಷ್ಟು ವೋಲ್ಟೇಜಿನಲ್ಲಿ ನೋಡಬೇಕು ಅನ್ನುವುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹಿಂದಿನವರು 15 ಕಿಲೋವೋಲ್ಟಿನಲ್ಲಿ ಬಿಟ್ಟಿದ್ದರೆ ಇವರದೂ 15. ಇಂಗಾಲದಂಥ ಹಗುರ ವಸ್ತುವಿನಲ್ಲಿ 15 ಕಿಲೋವೋಲ್ಟಿನ ಎಲೆಕ್ಟ್ರಾನು ಸುಮಾರು ಮೂರು ಮೈಕ್ರೋಮೀಟರ್ ಒಳಗೆ ಇಳಿಯುತ್ತದೆ. 5 ಕಿಲೋವೋಲ್ಟಿಗೆ ಇಳಿಸಿದರೆ ಅರ್ಧ ಮೈಕ್ರೋಮೀಟರ್ ಅಷ್ಟೇ. ಎಲೆಯನ್ನೋ ನೂಲನ್ನೋ ನೋಡುವವರಿಗೆ ಮೇಲ್ಮೈ ಬೇಕು, ಹೊಟ್ಟೆಯೊಳಗಿನದಲ್ಲ. ಕಡಿಮೆ ವೋಲ್ಟೇಜಿನಲ್ಲಿ ಚಿತ್ರ ಮರಳು ಮರಳಾಗುತ್ತದೆ, ಫೋಕಸ್ ಕಷ್ಟ, ಆದರೆ ನವಿರಾದ ಮಡಿಕೆಗಳು ಆಗಲೇ ಕಾಣುವುದು.

ಇದೇ ಮಾತು ಧಾತು ಪರೀಕ್ಷೆಗೂ ಬರುತ್ತದೆ. ಎಲೆಕ್ಟ್ರಾನು ಬಡಿದ ಪರಮಾಣು ತನ್ನದೇ ಶಕ್ತಿಯ ಎಕ್ಸ್-ಕಿರಣ ಬಿಡುತ್ತದೆ, ಅದನ್ನು ನೋಡಿ ಯಾವ ಧಾತು ಅಂತ ಗುರುತಿಸುವುದು. ಇಡಿಎಸ್ ಅನ್ನಬೇಕು. ಎಲ್ಲರೂ 'ಎಡಾಕ್ಸ್' ಅನ್ನುತ್ತಾರೆ. ಅದು ಒಂದು ಕಂಪನಿಯ ಹೆಸರು, ನೆರಳಚ್ಚಿಗೆ ಜೆರಾಕ್ಸ್ ಅಂದ ಹಾಗೆ. ಗಾಜಿನ ಮೇಲೆ ಇನ್ನೂರು ನ್ಯಾನೋಮೀಟರಿನ ಜಿಂಕ್ ಆಕ್ಸೈಡ್ ಪದರ ಮಾಡಿದ ಹುಡುಗಿಯೊಬ್ಬಳು, ಸಿಲಿಕಾನ್, ಕ್ಯಾಲ್ಸಿಯಂ ಎಲ್ಲಾ ಬಂದಿದೆ, ತನ್ನ ಪದರ ಕೆಟ್ಟಿದೆ ಅಂತ ಕಣ್ಣೀರು ಹಾಕಿದ್ದಳು. ಅದು ಕೆಳಗಿನ ಗಾಜು. ಎಲೆಕ್ಟ್ರಾನು ಪದರವನ್ನು ತೂರಿಕೊಂಡು ಗಾಜಿಗೆ ಇಳಿದಿತ್ತು. ಸೋಡಿಯಂ ಎಷ್ಟಿದೆ ಅಂತ ತಂತ್ರಾಂಶ ಶೇಕಡಾವಾರು ಕೊಟ್ಟಿತ್ತಲ್ಲ, ಅದನ್ನಂತೂ ನಂಬುವ ಹಾಗೇ ಇರಲಿಲ್ಲ. ಸೋಡಿಯಂನ ಗೆರೆ, ಅಂದರೆ ಅದರ ಎಕ್ಸ್-ಕಿರಣದ ಶಕ್ತಿ, 1.04 ಕಿಲೋ ಎಲೆಕ್ಟ್ರಾನ್ ವೋಲ್ಟ್, ಜಿಂಕಿನ ಎರಡನೇ ಗೆರೆ 1.01. ಇವೆರಡನ್ನೂ ಬಿಡಿಸಿ ನೋಡುವ ಕಣ್ಣು ಈ ಡಿಟೆಕ್ಟರಿಗೆ ಇಲ್ಲ. ರಂಜಕದ ಪ್ರಮಾಣ ಬೇಕು ಅಂತ ಬಂದು ಚಿನ್ನದ ಲೇಪ ಹಾಕಿಸಿಕೊಳ್ಳುವವರದೂ ಇದೇ ಕಥೆ. ಚಿನ್ನದ ಗೆರೆ ರಂಜಕದ ಪಕ್ಕದಲ್ಲೇ ಬಂದು ಕೂರುತ್ತದೆ. ಅಂಥವರಿಗೆ ಕಾರ್ಬನ್ ಲೇಪ. ದಶಮಾಂಶದ ಎರಡು ಸ್ಥಾನದವರೆಗೆ ಅಂಕಿ ಕೊಡುವ ಆ ತಂತ್ರಾಂಶವನ್ನು ಕಂಡರೆ ನನಗೆ ಈಗಲೂ ಸಿಟ್ಟು. ಅಷ್ಟು ನಿಖರವಾಗಿ ಸುಳ್ಳು ಹೇಳುವುದು ಮನುಷ್ಯರಿಗೂ ಕಷ್ಟ.

ಬೆಳಗಾವಿ ಕಡೆಯ ಫೌಂಡ್ರಿಯ ಎರಕದ ತುಂಡೊಂದು ನನಗೆ ಇನ್ನೊಂದು ಪಾಠ ಕಲಿಸಿತು. ಮುರಿದ ಮುಖ ನೋಡಬೇಕಿತ್ತು. ಹಿಂದೆ ಚೆದುರುವ ಎಲೆಕ್ಟ್ರಾನುಗಳ ಡಿಟೆಕ್ಟರಿನಲ್ಲಿ ಕಬ್ಬಿಣ ಬೆಳ್ಳಗೆ, ಗ್ರಾಫೈಟಿನ ಉಂಡೆಗಳು ಕಪ್ಪಗೆ ಕಾಣುತ್ತವೆ, ಭಾರದ ಪರಮಾಣು ಇದ್ದಷ್ಟೂ ಬಿಳುಪು ಹೆಚ್ಚು. ಆ ಡಿಟೆಕ್ಟರು ಲೆನ್ಸಿನ ಅಡಿಯಲ್ಲೇ ಬಂದು ನಿಲ್ಲುವಂಥದ್ದು. ತುಂಡಿನ ಒಂದು ಮೂಲೆ ಉಳಿದದ್ದಕ್ಕಿಂತ ನಾಲ್ಕು ಮಿಲಿಮೀಟರ್ ಎತ್ತರವಿತ್ತು. ನಾನು ನಡುವಿನ ಎತ್ತರ ಅಳೆದು ಬರೆದು, ಸ್ಯಾಂಪಲ್ ಹೊತ್ತ ಸ್ಟೇಜನ್ನು ಮೇಲಕ್ಕೆ ತಂದು, ಪಕ್ಕಕ್ಕೆ ಸರಿಸಿದೆ. ಅಲಾರಂ ಕೂಗಿ ಸ್ಟೇಜು ನಿಂತಿತು. ಅಷ್ಟರಲ್ಲಿ ಡಿಟೆಕ್ಟರಿನ ಮೇಲೆ ಉಗುರಿನಲ್ಲಿ ಗೀರಿದಂಥ ಒಂದು ಗೆರೆ ಬಿದ್ದಾಗಿತ್ತು. ನಮ್ಮ ಮುಖ್ಯಸ್ಥರು ನೋಡಿ, ಲಾಗ್‌ಬುಕ್ ಮುಂದಿಟ್ಟು, "ಏನಾಯ್ತೋ ಹಾಗೇ ಬರೀರಿ," ಅಂದರು. ಬರೆದೆ. ಹೊಸ ಬಿಡಿಭಾಗ ಬರುವವರೆಗೆ ತಿಂಗಳುಗಟ್ಟಲೆ ಎಲ್ಲರ ಚಿತ್ರದಲ್ಲೂ ಒಂದು ಕಡೆಯ ಬೆಳಕು ಮಂಕಾಗಿತ್ತು. ಈಗ ನಾನು ಅಂಕಿ ನಂಬುವುದಿಲ್ಲ. ಚೇಂಬರಿನ ಒಳಗಿನ ಕ್ಯಾಮೆರಾ ನೋಡುತ್ತಾ, ಒಂದು ಕೈ ನಿಲ್ಲಿಸುವ ಗುಂಡಿಯ ಮೇಲಿಟ್ಟು, ಅತಿ ಎತ್ತರದ ಮೂಲೆಯನ್ನೇ ಲೆಕ್ಕಕ್ಕೆ ಹಿಡಿದು ಏರಿಸುತ್ತೇನೆ.

ಎಲ್ಲರೂ ಬಳಸುವ ಯಂತ್ರ ಅಂದರೆ ಛತ್ರದ ಅಡುಗೆಮನೆ. ಹಿಂದಿನವರು ಏನು ಚೆಲ್ಲಿ ಹೋಗಿದ್ದಾರೋ ಅದರ ಮೇಲೆಯೇ ನಮ್ಮ ಅಡುಗೆ. ಸ್ವತಃ ನಡೆಸಲು ತರಬೇತಿ ಪಡೆದ ಏಳೆಂಟು ಸ್ಕಾಲರುಗಳಿದ್ದಾರೆ, ಸಂಜೆಯ ಸ್ಲಾಟ್ ಅವರದು. ನಾನು ಅವರಿಗೆ ಹಾಕಿರುವ ಷರತ್ತು, ಏನೇ ಆದರೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಬರೆದದ್ದಕ್ಕೆ ಬೈಗುಳ ಇಲ್ಲ. ಬಿದ್ದ ಸ್ಟಬ್, ಸಿಕ್ಕಿಕೊಂಡ ಸ್ಟೇಜು, ಎಲ್ಲವೂ ಈಗ ಬರಹದಲ್ಲಿದೆ. ನಮ್ಮಲ್ಲಿ ಸರದಿ ತಿಂಗಳು ದಾಟಿದಾಗ, ಐ-ಸ್ಟೆಮ್ ಪೋರ್ಟಲಿನಲ್ಲಿ ಬೇರೆ ಸಂಸ್ಥೆಗಳ ಯಂತ್ರ ಹುಡುಕಿಕೊಳ್ಳಿ ಅನ್ನುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲೂ ಹೊರಗಿನವರಿಗೆ ಅವಕಾಶ ಇದೆ. ಕೆಲವರು ಹೋಗುತ್ತಾರೆ, ಕೆಲವರು "ಇಲ್ಲೇ ಕಾಯ್ತೀವಿ ಮೇಡಂ" ಅನ್ನುತ್ತಾರೆ.

ಕಳೆದ ವರ್ಷ ಕಾಯ್ದವರಲ್ಲಿ ಚಿಕ್ಕಮಗಳೂರು ಕಡೆಯ ಒಬ್ಬಳಿದ್ದಳು. ಕಾಫಿ ಎಲೆಯ ತುಕ್ಕು ರೋಗದ ಮೇಲೆ ಕೆಲಸ. ಎರಡು ತಳಿಯ ಎಲೆ, ಒಂದು ರೋಗಕ್ಕೆ ಬಗ್ಗುವುದು, ಇನ್ನೊಂದು ತಡೆದುಕೊಳ್ಳುವುದು. ಎಲೆಯನ್ನು ಕಾಗದದ ನಡುವೆ ಒಣಗಿಸಿ ತಂದಿದ್ದಳು. ಚಿನ್ನ ಹಾಕಿ ನೋಡಿದೆವು. ಮೊದಲ ತಳಿಯಲ್ಲಿ ರೋಗ ತರುವ ಶಿಲೀಂಧ್ರದ ಬೀಜಕಣಗಳು ಸುಮಾರಾಗಿದ್ದವು, ಎರಡನೆಯದರಲ್ಲಿ ಎಲ್ಲವೂ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದ್ದವು. ಅವಳ ಕಣ್ಣು ಮಿಂಚಿತು. ತಡೆದುಕೊಳ್ಳುವ ತಳಿಯಲ್ಲಿ ಬೀಜಕಣವೇ ಸೊರಗುತ್ತದೆ ಅಂದರೆ ಒಂದು ಇಡೀ ಅಧ್ಯಾಯ ಸಿಕ್ಕ ಹಾಗೆ.

"ಎರಡನ್ನೂ ಒಂದೇ ದಿನ ಕಿತ್ತದ್ದಾ?" ಅಂತ ಕೇಳಿದೆ.

"ಇಲ್ಲ ಮೇಡಂ. ಇದು ಹೋದ ವಾರದ್ದು, ಇದು ತಿಂಗಳ ಹಿಂದಿನದ್ದು."

ಹಾಗಾದರೆ ಸುಕ್ಕು ತಳಿಯದೋ, ಒಣಗಿಸಿದ್ದರದೋ? ನನಗೆ ಬೆಳ್ಳಿಯ ಹುಡುಗನ ಪೇಡಾ ನೆನಪಾಯಿತು. ಈ ಸಲ ಎರಡು ದಿನ ಕಾಯಲಿಲ್ಲ. ಒಣಗಿಸಿದ ಎಲೆ ಬೇಡ, ಎರಡನ್ನೂ ಒಂದೇ ಬೆಳಿಗ್ಗೆ ಕಿತ್ತು, ತೋಟದಲ್ಲೇ ಸಣ್ಣ ಚೂರು ಮಾಡಿ, ಆಕಾರ ಕೆಡದಂತೆ ಹಿಡಿದಿಡುವ ಶೇಕಡಾ 2.5ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸಿ ತಾ ಅಂದೆ. ತಂದಳು, ಥರ್ಮಾಸಿನಲ್ಲಿ ಮಂಜುಗಡ್ಡೆಯ ಜೊತೆ. ಬಫರಿನಲ್ಲಿ ಮೂರು ಸಲ ತೊಳೆದು, ಆಲ್ಕೋಹಾಲಿನಲ್ಲಿ ಮೂವತ್ತು, ಐವತ್ತು, ಎಪ್ಪತ್ತು, ತೊಂಬತ್ತು, ನೂರು ಅಂತ ಮೆಟ್ಟಿಲಿಳಿಸಿದ ಹಾಗೆ ನೀರು ತೆಗೆದು, ಕೊನೆಗೆ ಸುಕ್ಕಾಗದೆ ಒಣಗಲು ನೆರವಾಗುವ ಎಚ್‌ಎಂಡಿಎಸ್ ದ್ರವದಲ್ಲಿ ಎರಡು ಸಲ ಅದ್ದಿ, ಫ್ಯೂಮ್ ಹುಡ್ಡಿನಲ್ಲಿ ರಾತ್ರಿಯಿಡೀ ಆರಲು ಬಿಟ್ಟೆವು. ಇದರಲ್ಲಿ ಒಂದು ನಷ್ಟ ಇದೆ, ಸಡಿಲವಾಗಿರುವ ಬೀಜಕಣಗಳು ಆಲ್ಕೋಹಾಲಿನಲ್ಲಿ ತೇಲಿಹೋಗುತ್ತವೆ. ಗಟ್ಟಿಯಾಗಿ ಹಿಡಿದುಕೊಂಡವು ಮಾತ್ರ ಉಳಿಯುತ್ತವೆ.

5 ಕಿಲೋವೋಲ್ಟ್, ತೆಳ್ಳನೆಯ ಚಿನ್ನ. ಎಲೆಯ ಅಡಿಭಾಗದಲ್ಲಿ ಉಸಿರಾಟದ ರಂಧ್ರಗಳು, ಅವುಗಳ ಬಾಯಿಂದ ಹೂಗೊಂಚಲಿನ ಹಾಗೆ ಹೊರಬಂದ ಬೀಜಕಣಗಳು. ಒಂದೊಂದೂ ಸುಮಾರು ಮೂವತ್ತು ಮೈಕ್ರೋಮೀಟರ್, ಮೂತ್ರಪಿಂಡದ ಆಕಾರ. ಈ ಶಿಲೀಂಧ್ರಕ್ಕೆ 1869ರಲ್ಲಿ ಹೆಮಿಲಿಯಾ ಅಂತ ಹೆಸರಿಟ್ಟದ್ದು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿಯೇ. ಗ್ರೀಕಿನಲ್ಲಿ ಹಾಗಂದರೆ ಅರ್ಧ ನುಣುಪು. ಸ್ಟೇಜನ್ನು ನಲವತ್ತೈದು ಡಿಗ್ರಿ ವಾಲಿಸಿದೆ. ಉಬ್ಬಿದ ಬೆನ್ನಿನ ಮೇಲೆ ಹಲಸಿನ ಕಾಯಿಯ ಹಾಗೆ ಮುಳ್ಳು, ಬಗ್ಗಿದ ಹೊಟ್ಟೆಯ ಕಡೆ ಒಂದೂ ಮುಳ್ಳಿಲ್ಲದ ನುಣುಪು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಎರಡನೇ ತಳಿಯ ಸ್ಟಬ್ಬಿಗೆ ಹೋದೆವು. ರಂಧ್ರಗಳಲ್ಲಿ ಗೊಂಚಲು ಕಡಿಮೆಯಿದ್ದವು. ಇದ್ದ ಬೀಜಕಣಗಳು ಮಾತ್ರ ಮೊದಲಿನವಷ್ಟೇ ತುಂಬಿಕೊಂಡು, ಅಷ್ಟೇ ಮುಳ್ಳು, ಅಷ್ಟೇ ನುಣುಪು.

"ಅಧ್ಯಾಯ ಹೋಯ್ತು," ಅಂದಳು.

"ಗೊಂಚಲು ಎಣಿಸು," ಅಂದೆ. "ಎಷ್ಟು ರಂಧ್ರಕ್ಕೆ ಎಷ್ಟು ಅಂತ. ಆದರೆ ತೊಳೆದಾಗ ಹೋದವೂ ಇರುತ್ತವೆ, ಅದನ್ನೂ ಬರಿ."

ಅವಳು ಸಂಜೆ ಐದೂವರೆಯ ತನಕ ಎಣಿಸಿದಳು. ಆರರ ಬಸ್ಸು ತಪ್ಪಿತು, ಎಂಟರದು ಹಿಡಿದಳು. ಹೋಗುವ ಮುಂಚೆ ಲಾಗ್‌ಬುಕ್ಕಿನ ಕೊನೆಯ ಕಲಮಿನಲ್ಲಿ ಅವಳದೇ ಕೈಬರಹದಲ್ಲಿ ಹೀಗೆ ಬರೆದಿಟ್ಟು ಹೋಗಿದ್ದಾಳೆ: 'ಕಾಫಿ ಎಲೆ, ಎರಡೂ ತಳಿ. ಬೀಜಕಣ ಸುಕ್ಕಾಗಿಲ್ಲ. ಹಿಂದಿನ ತಿಂಗಳ ಚಿತ್ರಗಳನ್ನು ಬಳಸಬಾರದು.'